ಮನೆ ಬಾಡಿಗೆಗೆ ಹಿಡಿಯುವ ಮೊದಲು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪರೀಕ್ಷೆ ಮುಗಿದು ಮತ್ತೆ ಶಾಲೆ ಶುರುವಾಗುವ ನಡುವಿನ ಎರಡು ತಿಂಗಳು ಶಿವಮೊಗ್ಗದಲ್ಲಿ ಮನೆ ಬದಲಿಸುವ ಕಾಲ. ವರ್ಗವಾಗಿ ಬರುವವರು, ಮಕ್ಕಳ ಓದಿಗೆಂದು ಊರು ಬಿಡುವವರು ಎಲ್ಲರೂ ಒಂದೇ ಹೊತ್ತಿಗೆ ಹುಡುಕಾಟಕ್ಕೆ ಇಳಿಯುತ್ತಾರೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಐದಾರು ಜನರ ಕುಟುಂಬಗಳವು. ಪೇಟೆಗೆ, ಶಾಲೆಗೆ ನಡೆದು ಹೋಗುವಷ್ಟು ಹತ್ತಿರ ಇರಬೇಕು, ಎಲ್ಲರಿಗೂ ಸಾಲುವಷ್ಟು ದೊಡ್ಡದಿರಬೇಕು, ಬಾಡಿಗೆ ಮಾತ್ರ ಕೈಗೆಟುಕುತ್ತಿಲ್ಲ ಎಂಬುದೇ ಎಲ್ಲರ ಸಂಕಟ.

ಪ್ರಶ್ನೆ: ನಮ್ಮವರಿಗೆ ಸಾಗರದಿಂದ ಶಿವಮೊಗ್ಗಕ್ಕೆ ವರ್ಗವಾಗಿದೆ. ಅತ್ತೆ, ಮಾವ, ಇಬ್ಬರು ಮಕ್ಕಳು ಸೇರಿ ಆರು ಜನ. ದುರ್ಗಿಗುಡಿ ಹತ್ತಿರ ಮೊದಲ ಮಹಡಿಯಲ್ಲಿ ಹತ್ತು ಚದರದ (ಸಾವಿರ ಚದರ ಅಡಿ) ಎರಡು ಬೆಡ್‌ರೂಮಿನ ಮನೆ ನೋಡಿದ್ದೇವೆ, ಬಾಡಿಗೆ 16,000. ಸಾಗರ ರಸ್ತೆಯಲ್ಲಿ ಊರಾಚೆ ಹೊಸ ಬಡಾವಣೆಯಲ್ಲಿ ನೆಲಮಹಡಿಯ ಮೂರು ಬೆಡ್‌ರೂಮಿನ ಮನೆಗೆ 11,000. ಅಲ್ಲಿಂದ ಪೇಟೆಗೆ ಏಳು ಕಿ.ಮೀ. ಎರಡಕ್ಕೂ ಹತ್ತು ತಿಂಗಳ ಅಡ್ವಾನ್ಸ್ ಕೇಳುತ್ತಾರೆ. ಸ್ಕೂಲ್ ವ್ಯಾನಿನವರು ಒಂದು ಮಗುವಿಗೆ 1,400 ಹೇಳಿದ್ದಾರೆ. ಯಾವುದನ್ನು ಹಿಡಿಯೋಣ?
– ಗೃಹಿಣಿ, ಸಾಗರ

ಉತ್ತರ: ಎರಡು ಬಾಡಿಗೆಯ ನಡುವೆ 5,000 ರೂಪಾಯಿ ಅಂತರ ಕಾಣುತ್ತದೆ. ಆದರೆ ದೂರದ ಮನೆಯ ಲೆಕ್ಕಕ್ಕೆ ಓಡಾಟದ ಖರ್ಚನ್ನೂ ಸೇರಿಸಬೇಕು. ಇಬ್ಬರು ಮಕ್ಕಳ ವ್ಯಾನಿಗೆ 2,800. ಆಫೀಸಿಗೆ ಒಮ್ಮೆ ಹೋಗಿ ಬಂದರೆ 14 ಕಿ.ಮೀ., ಸಂಜೆ ತರಕಾರಿ, ಔಷಧಿ, ಟ್ಯೂಷನ್ ಎಂದು ಇನ್ನೊಮ್ಮೆ 14. ತಿಂಗಳಿಗೆ 26 ದಿನ ಹಿಡಿದರೆ 728 ಕಿ.ಮೀ. ಆಯಿತು. ಲೀಟರಿಗೆ 45 ಕಿ.ಮೀ. ಕೊಡುವ ಗಾಡಿಗೆ 16 ಲೀಟರ್ ಪೆಟ್ರೋಲ್, ಅಂದರೆ ಸುಮಾರು 1,650 ರೂಪಾಯಿ. ಸರ್ವಿಸು, ಟೈರಿನ ಸವಕಳಿಗೆ 500 ಇಡಿ. ಅತ್ತೆ-ಮಾವನವರನ್ನು ಆಸ್ಪತ್ರೆಗೋ ದೇವಸ್ಥಾನಕ್ಕೋ ಕರೆದೊಯ್ಯಲು ಆಟೋಕ್ಕೆ ಕಡಿಮೆಯೆಂದರೂ 600. ಒಟ್ಟು 5,550. ಇತ್ತ ದುರ್ಗಿಗುಡಿ ಮನೆಗೆ ಅಡ್ವಾನ್ಸ್ 50,000 ಹೆಚ್ಚು ಕಟ್ಟಬೇಕು. ಅದು ಬ್ಯಾಂಕಿನಲ್ಲಿ ಶೇ 7ರ ಠೇವಣಿಯಲ್ಲಿದ್ದರೆ ತಿಂಗಳಿಗೆ 290 ರೂಪಾಯಿ ಬರುತ್ತಿತ್ತು. ಅದನ್ನೂ ಸೇರಿಸಿದರೆ ಹತ್ತಿರದ ಮನೆಯ ಹೆಚ್ಚುವರಿ ಹೊರೆ 5,290. ಎರಡು ಮನೆಯೂ ಹೆಚ್ಚು ಕಡಿಮೆ ಒಂದೇ ಬೆಲೆಯವು.

ಈ ಲೆಕ್ಕ ತಿರುಗುವುದೂ ಉಂಟು. ದೂರದ ಬಡಾವಣೆಯ ಬಾಗಿಲಿಗೆ ಸರ್ಕಾರಿ ನಗರ ಸಾರಿಗೆ ಬಸ್ ಬರುತ್ತಿದ್ದರೆ ನಿಮಗೆ, ಅತ್ತೆಗೆ, ಮಗಳಿದ್ದರೆ ಮಗಳಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟಿಗೆ ದುಡ್ಡಿಲ್ಲ. ಖಾಸಗಿ ಸಿಟಿ ಬಸ್ಸಿಗೆ ಅದು ಅನ್ವಯಿಸದು. ಹಾಗಾಗಿ ಬಸ್ ಬರುತ್ತದೆ ಎಂಬ ಮಾತಿಗೆ ತೃಪ್ತರಾಗಬೇಡಿ. ಯಾವ ಬಸ್, ಬೆಳಿಗ್ಗೆ ಎಷ್ಟು ಗಂಟೆಗೆ, ಕೊನೆಯದು ಎಷ್ಟಕ್ಕೆ ಎಂದು ನಿಲ್ದಾಣದಲ್ಲಿ ನಿಂತೇ ತಿಳಿದುಕೊಳ್ಳಿ.

ದುಡ್ಡು ಸಮವಾದ ಮೇಲೆ ನೋಡಬೇಕಾದ್ದು ಮೆಟ್ಟಿಲು, ಬಚ್ಚಲು. ಆರು ಜನರಿರುವ ಮನೆಯಲ್ಲಿ ರೂಮಿನ ಲೆಕ್ಕಕ್ಕಿಂತ ಬಚ್ಚಲಿನ ಲೆಕ್ಕ ದೊಡ್ಡದು. ಒಬ್ಬರಿಗೆ 15 ನಿಮಿಷವೆಂದರೂ ಒಂದೇ ಬಚ್ಚಲಿದ್ದರೆ ಎಲ್ಲರದೂ ಮುಗಿಯಲು ಒಂದೂವರೆ ತಾಸು ಬೇಕು. ಶಾಲೆಗೂ ಆಫೀಸಿಗೂ ಹೊರಡುವ ಹೊತ್ತು ಒಂದೇ ಆದ್ದರಿಂದ ದಿನಾ ಬೆಳಿಗ್ಗೆ ಜಗಳ ಖಂಡಿತ. ಎರಡು ಬೆಡ್‌ರೂಮ್ ಇದ್ದರೂ ಎರಡು ಬಚ್ಚಲು, ಅವುಗಳಲ್ಲಿ ಒಂದಕ್ಕೆ ಕಮೋಡು ಇದ್ದರೆ ಸುಧಾರಿಸಬಹುದು. ಹಾಲಿನ ಒಂದು ಮೂಲೆಗೆ ಪರದೆ ಹಾಕಿ ಮಕ್ಕಳಿಗೆ ಓದುವ ಜಾಗ ಮಾಡಬಹುದು. ಬಚ್ಚಲನ್ನು ಹಾಗೆ ಮಾಡಲಾಗದು.

ಮೆಟ್ಟಿಲಿಗೆ ಒಂದು ಟೇಪು ಹಿಡಿದು ನೋಡಿ. ಒಂದೊಂದು ಮೆಟ್ಟಿಲು 6ರಿಂದ ಆರೂವರೆ ಇಂಚು ಎತ್ತರವಿದ್ದರೆ ವಯಸ್ಸಾದವರು ನಿಧಾನವಾಗಿ ಹತ್ತುತ್ತಾರೆ. ಎಂಟು ಇಂಚಿದ್ದರೆ ಮಂಡಿ ನೋವಿನವರು ಮನೆಯಲ್ಲೇ ಬಂದಿ. ಜಾಗ ಉಳಿಸಲು ಹೊರಗೋಡೆಗೆ ಅಂಟಿಸಿ ಕಟ್ಟಿದ ಮೆಟ್ಟಿಲಿಗೆ ಮಾಡು ಇರುವುದಿಲ್ಲ. ಆಷಾಢದಲ್ಲಿ ಅದರ ಮೇಲೆ ಪಾಚಿ ಹಿಡಿಯುತ್ತದೆ, ಜಾರುತ್ತದೆ. ಎರಡು ಕಡೆ ಕೈ ಹಿಡಿಯಲು ಕಂಬಿ, ಮೇಲೊಂದು ಶೀಟು ಇಲ್ಲದ ಮೊದಲ ಮಹಡಿಗೆ ಅತ್ತೆ-ಮಾವನವರನ್ನು ಕರೆದೊಯ್ಯಬೇಡಿ.

ಮೂರನೆಯ ದಾರಿಯೂ ಇದೆ, ನಮಗೆ ಅದೇ ಸರಿಯೆನಿಸುತ್ತದೆ. ದುರ್ಗಿಗುಡಿಯ ಮುಖ್ಯರಸ್ತೆಯಿಂದ ಒಳಗೆ ಸರಿದು ಜಯನಗರ, ತಿಲಕ್ ನಗರ, ರವೀಂದ್ರನಗರ, ರಾಜೇಂದ್ರನಗರದ ಅಡ್ಡರಸ್ತೆಗಳಲ್ಲಿ ಹಳೆಯ ನೆಲಮಹಡಿ ಮನೆ ಹುಡುಕಿ. ಇಂಥ ಮನೆಯ ಮಾಲೀಕರು ಆ್ಯಪಿನಲ್ಲಿ ಹಾಕುವುದೂ ಕಡಿಮೆ, ಬ್ರೋಕರಿಗೆ ಹೇಳುವುದೂ ಕಡಿಮೆ. ಗೇಟಿಗೆ ಒಂದು ಬೋರ್ಡು ಕಟ್ಟುತ್ತಾರೆ, ಅಷ್ಟೆ. ಬೆಳಿಗ್ಗೆ ಹಾಲಿನ ಬೂತಿನಲ್ಲಿ, ಕಿರಾಣಿ ಅಂಗಡಿಯಲ್ಲಿ, ಇಸ್ತ್ರಿ ಗಾಡಿಯವರ ಹತ್ತಿರ ಕೇಳಿ. ಯಾವ ಮನೆಯವರು ಮುಂದಿನ ತಿಂಗಳು ಖಾಲಿ ಮಾಡುತ್ತಾರೆಂದು ಬೋರ್ಡು ಬೀಳುವ ಮೊದಲೇ ಇಸ್ತ್ರಿಯವರಿಗೆ ಗೊತ್ತಿರುತ್ತದೆ.

‘ನಡೆದು ಹೋಗುವಷ್ಟು ದೂರ’ ಎಂದು ಯಾರೇ ಹೇಳಲಿ, ನೀವೇ ನಡೆದು ನೋಡಿ. ಅದೂ ಭಾನುವಾರವಲ್ಲ, ವಾರದ ನಡುವೆ, ಶಾಲೆ ಬಿಡುವ ಹೊತ್ತಿಗೆ. ದೊಡ್ಡವರು 12 ನಿಮಿಷದಲ್ಲಿ ನಡೆಯುವ ಒಂದು ಕಿ.ಮೀ.ಗೆ ಚೀಲ ಹೊತ್ತ ಮಗುವಿಗೆ 20 ನಿಮಿಷ ಬೇಕು. ಚರಂಡಿಯ ಕಲ್ಲುಚಪ್ಪಡಿ ಎಲ್ಲೆಲ್ಲಿ ಕಿತ್ತಿದೆ, ಮುಖ್ಯರಸ್ತೆ ದಾಟುವ ಕಡೆ ಉಬ್ಬು ಇದೆಯೇ ಎಂದು ಗಮನಿಸಿ. ಬೀದಿದೀಪ ಉರಿಯುತ್ತದೆಯೇ ಎಂದು ನೋಡಲು ಸಂಜೆ ಏಳರ ಮೇಲೆ ಇನ್ನೊಮ್ಮೆ ಹೋಗಿ. ಚಪ್ಪಡಿ ಕಿತ್ತ ಚರಂಡಿ ಬೇಸಿಗೆಯಲ್ಲಿ ಕಣ್ಣಿಗೆ ಕಾಣುತ್ತದೆ. ಮಳೆ ನೀರು ರಸ್ತೆ ತುಂಬಿದಾಗ ರಸ್ತೆ ಯಾವುದು, ಗುಂಡಿ ಯಾವುದು ಎಂದು ಮಗುವಿಗೆ ತಿಳಿಯದು.

ಪ್ರಶ್ನೆ: ಏಪ್ರಿಲ್‌ನಲ್ಲಿ ನೋಡುವಾಗ ಎಲ್ಲ ಮನೆಯೂ ಚಂದ. ಹೊಸ ಬಣ್ಣ, ಒಣಗಿದ ಗೋಡೆ. ಹೋದ ವರ್ಷ ಹಾಗೇ ನಂಬಿ ಹೋಗಿ ಜುಲೈಯಲ್ಲಿ ಬೀರುವಿನ ಬಟ್ಟೆಗೆಲ್ಲ ಬೂಷ್ಟು ಬಂತು. ಮಳೆಗಾಲದ ಮನೆಯನ್ನು ಬೇಸಿಗೆಯಲ್ಲಿ ಪರೀಕ್ಷಿಸುವುದು ಹೇಗೆ?
– ಶಿಕ್ಷಕರು, ಹೊಸನಗರ

ಉತ್ತರ: ಮಲೆನಾಡಿನಲ್ಲಿ ಮನೆ ಹಿಡಿಯುವವರು ಮೊದಲು ಕೇಳಬೇಕಾದ ಪ್ರಶ್ನೆ ಇದು. ಒಳ್ಳೆಯ ಬೆಳಕಿರುವ ಹೊತ್ತಿಗೆ ಹೋಗಿ. ಟಾರ್ಚು, ಟೇಪು, ಎರಡಡಿ ಅಗಲದ ಪ್ಲಾಸ್ಟಿಕ್ ಹಾಳೆ, ಅಂಟುಟೇಪು ಜೊತೆಯಲ್ಲಿರಲಿ.

ಬಣ್ಣದಿಂದ ಶುರು ಮಾಡಿ. ಇಡೀ ಮನೆಗೆ ಬಳಿದಿದ್ದರೆ ಸಂಶಯ ಬೇಡ. ಒಂದೇ ಗೋಡೆಗೆ, ಅಥವಾ ಚಾವಣಿಯ ಒಂದೇ ಮೂಲೆಗೆ ಹೊಸ ಬಣ್ಣವಿದ್ದರೆ ಏಕೆಂದು ಕೇಳಿ. ಟಾರ್ಚನ್ನು ಗೋಡೆಗೆ ಓರೆಯಾಗಿ ಹಿಡಿಯಿರಿ. ನೇರ ಬೆಳಕಿನಲ್ಲಿ ನಯವಾಗಿ ಕಂಡ ಗೋಡೆಯ ಮೇಲೆ ಉಬ್ಬು, ಪುಟ್ಟಿ ಮೆತ್ತಿದ ತೇಪೆ, ಹಳೆಯ ಕಂದು ಬಳೆಯ ಅಂಚು ಎದ್ದು ಕಾಣುತ್ತವೆ. ನೆಲದಿಂದ ಒಂದರಿಂದ ಮೂರಡಿ ಎತ್ತರದವರೆಗೆ ಬಿಳಿ ಪುಡಿ ಉದುರುತ್ತಿದ್ದರೆ ಅದು ಗೋಡೆಯೊಳಗಿನ ಉಪ್ಪು. ಪಾಯದ ಮೇಲೆ ತೇವ ತಡೆಯುವ ಪದರ ಹಾಕದೆ ಕಟ್ಟಿದ ಗೋಡೆ ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ ನೆಲದ ನೀರನ್ನು ಹೀರುತ್ತದೆ. ನೀರು ಆರಿಹೋಗುತ್ತದೆ, ಉಪ್ಪು ಉಳಿಯುತ್ತದೆ. ಅದರ ಮೇಲೆ ಎಷ್ಟು ಬಣ್ಣ ಬಳಿದರೂ ಒಂದು ಮಳೆಗಾಲಕ್ಕೆ ಗುಳ್ಳೆ ಏಳುತ್ತದೆ. ಅಂಥ ಮನೆಯನ್ನು ರಿಪೇರಿಯ ಭರವಸೆಯ ಮೇಲೆ ಹಿಡಿಯಬೇಡಿ, ಅದು ಬಾಡಿಗೆದಾರರು ಇರುವಾಗ ಆಗುವ ರಿಪೇರಿ ಅಲ್ಲ.

ಮರ ಸುಳ್ಳು ಹೇಳುವುದಿಲ್ಲ. ಬಚ್ಚಲ ಬಾಗಿಲಿನ ಬುಡ, ಅಡುಗೆಮನೆ ಸಿಂಕಿನ ಕೆಳಗಿನ ಪ್ಲೈವುಡ್, ಗೋಡೆ ಕಪಾಟಿನ ಹಿಂಬದಿಯನ್ನು ಬೆರಳಿನಿಂದ ಒತ್ತಿ ನೋಡಿ. ಉಬ್ಬಿದ ಪ್ಲೈವುಡ್ ಪದರ ಬಿಡುತ್ತದೆ. ಬಾಗಿಲಿನ ಅಂಚನ್ನು ಹತರಿ ಹೊಡೆದು ತೆಳ್ಳಗೆ ಮಾಡಿದ್ದರೆ ಮಳೆಗಾಲದಲ್ಲಿ ಅದು ಊದಿ ಸಿಕ್ಕಿಕೊಳ್ಳುತ್ತಿತ್ತು ಎಂದರ್ಥ. ಸ್ವಿಚ್‌ಬೋರ್ಡಿನ ಸ್ಕ್ರೂಗಳು ತುಕ್ಕು ಹಿಡಿದಿದ್ದರೆ, ಫ್ಯಾನಿನ ಬಟ್ಟಲಿನ ಸುತ್ತ ಚಾವಣಿಯಲ್ಲಿ ಕಲೆಯಿದ್ದರೆ ಅಲ್ಲಿ ನೀರು ಇಳಿಯುತ್ತದೆ. ಇದು ಬರೀ ಬೂಷ್ಟಿನ ವಿಷಯವಲ್ಲ, ಕರೆಂಟು ಹೊಡೆಯುವ ಅಪಾಯ.

ಆಮೇಲೆ ಹೊರಗೆ ಬನ್ನಿ. ನಮ್ಮ ಮಳೆ ನೈರುತ್ಯದಿಂದ ಬರುವುದರಿಂದ ಪಶ್ಚಿಮ, ದಕ್ಷಿಣದ ಗೋಡೆಗಳಿಗೇ ಇರಚಲು ಹೊಡೆಯುವುದು ಹೆಚ್ಚು. ಆ ಕಡೆಯ ಕಿಟಕಿಗಳ ಮೇಲೆ ಸಜ್ಜ ಎಷ್ಟು ಮುಂದೆ ಬಂದಿದೆ ಅಳೆಯಿರಿ. ಒಂದಡಿ ಸಜ್ಜ ಚಂದಕ್ಕಷ್ಟೆ. ಎರಡಡಿ ಇದ್ದರೆ ಕಿಟಕಿಯನ್ನು ಒಂದಿಷ್ಟಾದರೂ ತೆರೆದಿಡಬಹುದು. ಮಲಗುವ ಕೋಣೆ ಆ ಮೂಲೆಯಲ್ಲಿದ್ದು, ಸಜ್ಜ ಸಣ್ಣದಿದ್ದು, ಕಿಟಕಿ ಮುಚ್ಚಿಯೇ ಇರಬೇಕಾದರೆ ಬೀರುವಿಗೆ ಬೂಷ್ಟು ಬರುವುದು ಅಲ್ಲಿಂದಲೇ. ಬೀರುವನ್ನು ಆ ಗೋಡೆಗೆ ತಾಗಿಸದೆ ನಾಲ್ಕು ಇಂಚು ಬಿಟ್ಟು ಒಳಗೋಡೆಯ ಬದಿಗೆ ಇಡಲು ಜಾಗವಿದೆಯೇ ನೋಡಿ.

ತಾರಸಿಗೆ ಹತ್ತದೆ ಯಾವ ಮನೆಯನ್ನೂ ಒಪ್ಪಬೇಡಿ. ನಾಲ್ಕೈದು ಕೊಡ ನೀರು ಸುರಿದು ನಿಲ್ಲಿ. ನೀರು ಕಿಂಡಿಯ ಕಡೆ ಓಡಬೇಕು. ಹತ್ತು ನಿಮಿಷದ ಮೇಲೂ ನಡುವೆ ನಿಂತಿದ್ದರೆ ಇಳಿಜಾರು ಸರಿಯಿಲ್ಲ. ಕಿಂಡಿಯ ಪೈಪು ನಾಲ್ಕು ಇಂಚಿನದೇ, ಬಾಯಿಗೆ ಜಾಲರಿ ಇದೆಯೇ ನೋಡಿ. ಪಕ್ಕದಲ್ಲಿ ಮಾವಿನ ಮರವೋ ಹಲಸಿನ ಮರವೋ ಇದ್ದರೆ ಎಲೆ ಕಟ್ಟಿ ತಾರಸಿ ಕೆರೆಯಾಗುತ್ತದೆ. ಅದನ್ನು ತೆಗೆಯುವುದು ಯಾರ ಕೆಲಸ ಎಂದು ಆಗಲೇ ಮಾತಾಡಿಕೊಳ್ಳಿ. ತಾರಸಿಯ ಮೇಲೆ ಶೀಟಿನ ಮಾಡು ಹಾಕಿದ್ದರೆ ತುಂಬಾ ಒಳ್ಳೆಯದು. ಸೋರುವುದೂ ತಪ್ಪುತ್ತದೆ, ಮೂರು ತಿಂಗಳು ಬಟ್ಟೆ ಒಣಗಿಸಲೂ ಜಾಗ ಸಿಗುತ್ತದೆ. ಆದರೆ ಆ ಜಾಗ ನಿಮಗೂ ಇದೆಯೇ, ಮಾಲೀಕರು ಅಡಿಕೆ ಒಣಗಿಸಲು ಇಟ್ಟುಕೊಂಡಿದ್ದಾರೆಯೇ ಎಂದು ಕೇಳಿ.

ನೆಲಮಹಡಿಯಾದರೆ ನೆಲದಿಂದ ಜಲ ಏಳುವ ಭಯ. ಮಾಲೀಕರನ್ನು ಕೇಳಿ ಒಂದು ಮೂಲೆಯಲ್ಲಿ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ನೆಲಕ್ಕೆ ಅಂಟಿಸಿ, ಮಾರನೆಯ ದಿನ ಬಂದು ಎತ್ತಿ. ಹಾಳೆಯ ಅಡಿಯಲ್ಲಿ ಹನಿ ಕಟ್ಟಿದ್ದರೆ ಬೇಸಿಗೆಯಲ್ಲೂ ನೆಲ ಬೆವರುತ್ತಿದೆ. ಹಾಳೆ ಒಣಗಿದ್ದರೂ ಸಾಲದು, ಏಕೆಂದರೆ ಆಗಸ್ಟಿನಲ್ಲಿ ಅಂತರ್ಜಲ ಮೇಲೆ ಬಂದಿರುತ್ತದೆ. ಹಾಗಾಗಿ ಪಕ್ಕದ ಮನೆಯವರನ್ನು ಕೇಳಲೇಬೇಕು. ‘ಮನೆ ಸೋರುತ್ತದಾ’ ಎಂದು ಕೇಳಿದರೆ ಮಾಲೀಕರ ದಾಕ್ಷಿಣ್ಯಕ್ಕೆ ಯಾರೂ ಹೇಳುವುದಿಲ್ಲ. ‘ಮಳೆಗಾಲದಲ್ಲಿ ಬಟ್ಟೆ ಎಲ್ಲಿ ಒಣಗಿಸ್ತೀರಿ, ಹಾಸಿಗೆ ತಂಪಾಗ್ತದಾ’ ಎಂದು ಕೇಳಿ, ಎಲ್ಲವೂ ತಾನಾಗಿಯೇ ಹೊರಬರುತ್ತದೆ.

ಪ್ರಶ್ನೆ: ಕೋಟೆ ರಸ್ತೆಯಿಂದ ಇಳಿದು ಹೊಳೆ ಕಡೆಗೆ ಒಂದು ದೊಡ್ಡ ಮನೆ ಕಡಿಮೆ ಬಾಡಿಗೆಗೆ ಸಿಗುತ್ತಿದೆ. ಹಿಡಿಯಬಹುದೇ?
– ವ್ಯಾಪಾರಿ, ಶಿಕಾರಿಪುರ

ಉತ್ತರ: 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿದಾಗ ನಗರದ ತಗ್ಗು ಪ್ರದೇಶಗಳಿಗೆ ನೀರು ನುಗ್ಗಿತ್ತು. ಆ ವರ್ಷ ಈ ಮನೆಯ ಯಾವ ಮೆಟ್ಟಿಲವರೆಗೆ ನೀರು ಬಂದಿತ್ತು ಎಂದು ಅಕ್ಕಪಕ್ಕದ ಮೂರು ಮನೆಯಲ್ಲಿ ಕೇಳಿ. ಕೋರ್ಪಳಯ್ಯನ ಛತ್ರದ ಹತ್ತಿರದ ಮಂಟಪ ಮುಳುಗಿತೇ ಎಂದು ಊರಿನವರು ಪ್ರತಿ ಮಳೆಗಾಲ ನೋಡುತ್ತಾರೆ. ಮಂಟಪ ಮುಳುಗಿದಾಗ ನಿಮ್ಮ ಬೀದಿಯಲ್ಲಿ ಏನಾಗುತ್ತದೆ ಎಂಬುದು ಅಲ್ಲಿಯವರಿಗೆ ಬಾಯಿಪಾಠ. ಮೊದಲ ಮಹಡಿಯಾಗಿದ್ದು ಕರೆಂಟಿನ ಮೀಟರು ಎದೆಮಟ್ಟಕ್ಕಿಂತ ಮೇಲಿದ್ದರೆ ಹಿಡಿಯಬಹುದು. ನೆಲಮಹಡಿಯಾದರೆ ಬೇಡ.

ಪ್ರಶ್ನೆ: ಮಾಲೀಕರು 11 ತಿಂಗಳ ಅಗ್ರಿಮೆಂಟ್ ಮಾತ್ರ ಮಾಡುತ್ತೇವೆ ಎನ್ನುತ್ತಾರೆ. ಯಾಕೆ 11? ಆಮೇಲೆ ಇದ್ದಕ್ಕಿದ್ದಂತೆ ಬಿಡಿಸಿದರೆ? ಅದರಲ್ಲಿ ಏನೇನು ಬರೆಸಬೇಕು?
– ಬ್ಯಾಂಕ್ ಉದ್ಯೋಗಿ, ತೀರ್ಥಹಳ್ಳಿ

ಉತ್ತರ: ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಬಾಡಿಗೆ ಕರಾರನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಅದರ ಖರ್ಚು, ಓಡಾಟ ತಪ್ಪಿಸಲು 11 ತಿಂಗಳು. ಅದರಲ್ಲಿ ಮೋಸವೇನಿಲ್ಲ. ಆದರೆ ಕೆಲವರು ಮೂರು ವರ್ಷದ ಕರಾರು ಬರೆದು ನೋಟರಿ ಮುದ್ರೆ ಹಾಕಿಸಿ ಸಾಕೆನ್ನುತ್ತಾರೆ. ನೋಟರಿ ಎಂದರೆ ನೋಂದಣಿ ಅಲ್ಲ. ತಕರಾರು ಬಂದಾಗ ಅಂಥ ಕಾಗದದ ಷರತ್ತುಗಳನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಮುಂದಿಡಲು ಆಗುವುದಿಲ್ಲ.

11 ತಿಂಗಳು ಮುಗಿದ ಮೇಲೂ ನೀವು ಬಾಡಿಗೆ ಕೊಟ್ಟು ಅವರು ತೆಗೆದುಕೊಳ್ಳುತ್ತಿದ್ದರೆ ತಿಂಗಳಿನಿಂದ ತಿಂಗಳಿಗೆ ಬಾಡಿಗೆ ಮುಂದುವರಿಯಿತೆಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆ ಹೇಳುತ್ತದೆ. ಆಗ ಬಿಡಿಸಲು ಬೇಕಾಗುವುದು 15 ದಿನಗಳ ನೋಟಿಸು ಮಾತ್ರ. ಆರು ಜನರ ಸಂಸಾರಕ್ಕೆ ಶಾಲೆಯ ವರ್ಷದ ನಡುವೆ 15 ದಿನದಲ್ಲಿ ಇನ್ನೊಂದು ಮನೆ ಸಿಗುವುದಿಲ್ಲ. ಹಾಗಾಗಿ ಎರಡೂ ಕಡೆಗೆ ಎರಡು ತಿಂಗಳ ನೋಟಿಸು ಎಂದು ಬರೆಸಿ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ರಕ್ಷಿಸುತ್ತದೆ ಎಂದು ನಂಬಿ ಕೂರಬೇಡಿ. ತೀರಾ ಕಡಿಮೆ ಬಾಡಿಗೆಯ ಮನೆಗಳಿಗಷ್ಟೇ ಅದು ಅನ್ವಯಿಸುತ್ತದೆ, ಇಂದಿನ ಸಂಸಾರದ ಮನೆಗಳು ಅದರ ಮಿತಿಯ ಹೊರಗಿವೆ. ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ತೆಗೆದುಕೊಳ್ಳಬಾರದು ಎಂಬುದು ಕೇಂದ್ರ 2021ರಲ್ಲಿ ಕಳಿಸಿದ ಮಾದರಿ ಕಾಯ್ದೆಯ ಮಾತು. ಮಾದರಿ ಕಾಯ್ದೆ ತಾನಾಗಿ ಜಾರಿಗೆ ಬರುವುದಿಲ್ಲ, ರಾಜ್ಯ ಅದನ್ನು ಶಾಸನ ಮಾಡಬೇಕು. ಆದ್ದರಿಂದ ಅಡ್ವಾನ್ಸಿನ ಮೊತ್ತ ನಿಮ್ಮ ಚೌಕಾಸಿಗೆ ಬಿಟ್ಟದ್ದು.

ಅಂಗಡಿಯಲ್ಲಿ ಸಿಗುವ ಸಿದ್ಧ ನಮೂನೆಯಲ್ಲಿ ಬಾಡಿಗೆದಾರರ ಕರ್ತವ್ಯಗಳು ಹತ್ತು ಸಾಲು, ಮಾಲೀಕರದು ಒಂದೂ ಇರುವುದಿಲ್ಲ. ಸೋರಿಕೆ, ಪಂಪ್‌ಸೆಟ್, ವೈರಿಂಗ್, ಚರಂಡಿ ಕಟ್ಟಿಕೊಂಡರೆ ಮಾಲೀಕರ ಖರ್ಚು, ಬಲ್ಬು, ನಲ್ಲಿಯ ವಾಷರ್ ಬಾಡಿಗೆದಾರರದು ಎಂದು ಬರೆಸಿ. ತಿಳಿಸಿದ 15 ದಿನದಲ್ಲಿ ಮಾಲೀಕರು ಮಾಡಿಸದಿದ್ದರೆ ನೀವೇ ಮಾಡಿಸಿ ರಸೀದಿ ತೋರಿಸಿ ಬಾಡಿಗೆಯಲ್ಲಿ ಕಳೆಯಬಹುದು ಎಂಬ ಸಾಲನ್ನೂ ಸೇರಿಸಿ. ರಿಪೇರಿ ಮಾಲೀಕರ ಹೊಣೆ ಎಂದು ಕರಾರಿನಲ್ಲಿ ಇದ್ದಾಗ ಹೀಗೆ ಕಳೆಯಲು ಕಾಯ್ದೆಯೂ ಅವಕಾಶ ಕೊಡುತ್ತದೆ. ಹೊಣೆ ಯಾರದೆಂದು ಬರೆದಿರದಿದ್ದರೆ ನಿಮ್ಮ ವಾದ ಅಲ್ಲೇ ಬಿದ್ದುಹೋಗುತ್ತದೆ. ಬಾಡಿಗೆ ಏರಿಕೆ ಶೇ 5 ಎಂದೋ 10 ಎಂದೋ, 11 ತಿಂಗಳಿಗೊಮ್ಮೆ ಮಾತ್ರ ಎಂದೋ ಅಂಕಿಯಲ್ಲೇ ಇರಲಿ.

ಖಾಲಿ ಮಾಡುವಾಗ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿಯುವ ರೂಢಿ ಎಲ್ಲ ಕಡೆ ಇದೆ. ಅದನ್ನು ಒಪ್ಪುವುದಾದರೆ ‘ಎರಡು ವರ್ಷದ ಮೇಲೆ ಇದ್ದರೆ ಮಾತ್ರ’ ಎಂದು ಕೇಳಿ ನೋಡಿ, ಎಷ್ಟೋ ಮಾಲೀಕರು ಒಪ್ಪುತ್ತಾರೆ. ಸಹಿ ಹಾಕುವ ಮುಂಚೆ ಮನೆಕಂದಾಯದ ರಸೀದಿ, ಕರೆಂಟ್ ಬಿಲ್ಲು ಎರಡರಲ್ಲೂ ಯಾರ ಹೆಸರಿದೆ ನೋಡಿ. ತೀರಿಹೋದ ತಂದೆಯ ಹೆಸರಿನಲ್ಲೇ ಇದ್ದು ಅಣ್ಣತಮ್ಮಂದಿರು ನಾಲ್ವರಿದ್ದರೆ, ಅಡ್ವಾನ್ಸ್ ತೆಗೆದುಕೊಂಡವರು ಒಬ್ಬರು, ವಾಪಸ್ ಕೇಳುವಾಗ ‘ನನಗೆ ಸಂಬಂಧವಿಲ್ಲ’ ಎನ್ನುವವರು ಮೂವರು ಆಗುತ್ತಾರೆ. ಅಡ್ವಾನ್ಸನ್ನು ನಗದಾಗಿ ಕೊಡಬೇಡಿ, ಬ್ಯಾಂಕಿನ ಮೂಲಕವೇ ಹೋಗಲಿ. ನೀವು ಹಳೆಯ ತೆರಿಗೆ ಪದ್ಧತಿಯಲ್ಲಿದ್ದು ಮನೆಬಾಡಿಗೆ ಭತ್ಯೆಯ ವಿನಾಯಿತಿ ಪಡೆಯುವುದಾದರೆ, ವರ್ಷದ ಬಾಡಿಗೆ ಒಂದು ಲಕ್ಷ ದಾಟಿದಾಗ ಮಾಲೀಕರ ಪ್ಯಾನ್ ಸಂಖ್ಯೆ ಕೊಡಬೇಕಾಗುತ್ತದೆ. ಕೊಡುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಪ್ರಶ್ನೆ: ವಿನೋಬನಗರದಲ್ಲಿ ಆರು ಲಕ್ಷಕ್ಕೆ ಮೂರು ವರ್ಷ ಲೀಸಿಗೆ ಮನೆ ಇದೆ. ತಿಂಗಳ ಬಾಡಿಗೆ ಇಲ್ಲ, ದುಡ್ಡು ಪೂರ್ತಿ ವಾಪಸ್. ಇದು ಲಾಭವಲ್ಲವೇ?
– ಕಾರ್ಖಾನೆ ನಿವೃತ್ತರು, ಭದ್ರಾವತಿ

ಉತ್ತರ: ಆರು ಲಕ್ಷಕ್ಕೆ ಶೇ 7ರಂತೆ ವರ್ಷಕ್ಕೆ 42,000 ಬಡ್ಡಿ, ಅಂದರೆ ತಿಂಗಳಿಗೆ 3,500. ಆ ದರಕ್ಕೆ ಸಂಸಾರದ ಮನೆ ಎಲ್ಲೂ ಸಿಗದು, ಲೆಕ್ಕದಲ್ಲಿ ಲಾಭವೇ. ಆದರೆ ನಿವೃತ್ತಿಯ ದುಡ್ಡನ್ನು ಇಡುವ ಮೊದಲು, ಮಾಲೀಕರಿಗೆ ಒಟ್ಟಿಗೆ ಆರು ಲಕ್ಷ ಏಕೆ ಬೇಕಾಯಿತು ಎಂದು ವಿಚಾರಿಸಿ. ಸಾಲ ತೀರಿಸಲು ಎಂದಾದರೆ ಮೂರು ವರ್ಷದ ಮೇಲೆ ಅವರು ವಾಪಸ್ ಕೊಡುವುದು ಮುಂದಿನ ಲೀಸಿನವರು ಸಿಕ್ಕಾಗಲೇ.

ಈ ಮನೆ ಬ್ಯಾಂಕಿಗೆ ಅಡವಿದ್ದು ಕಂತು ನಿಂತರೆ, 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಮನೆಯನ್ನು ವಶಕ್ಕೆ ಪಡೆದು ಹರಾಜು ಹಾಕಬಹುದು. ಸಾಲದ ನಂತರ ಬ್ಯಾಂಕಿನ ಒಪ್ಪಿಗೆಯಿಲ್ಲದೆ ಮಾಡಿದ ಲೀಸನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿಮ್ಮ ಆರು ಲಕ್ಷವನ್ನು ಮಾಲೀಕರಿಂದಲೇ ವಸೂಲು ಮಾಡಿಕೊಳ್ಳಬೇಕಾಗುತ್ತದೆ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಕಳೆದ 15 ವರ್ಷಕ್ಕಾದರೂ ಋಣಭಾರ ಪ್ರಮಾಣಪತ್ರ ತೆಗೆಸಿ. ಅದರಲ್ಲಿ ನೋಂದಣಿಯಾದ ವ್ಯವಹಾರಗಳು ಮಾತ್ರ ಕಾಣುತ್ತವೆ. ಹಕ್ಕುಪತ್ರವನ್ನು ಬ್ಯಾಂಕಿನಲ್ಲಿಟ್ಟು ಮಾಡಿದ ಅಡಮಾನ ನೋಂದಣಿಯಾಗಿರದಿದ್ದರೆ ಅದರಲ್ಲಿ ಕಾಣದು. ಆದ್ದರಿಂದ ಮೂಲ ಕ್ರಯಪತ್ರವನ್ನೇ ಕಣ್ಣಾರೆ ನೋಡಬೇಕು. ಜೆರಾಕ್ಸ್ ಮಾತ್ರ ತೋರಿಸಿ ‘ಒರಿಜಿನಲ್ ಲಾಕರಿನಲ್ಲಿದೆ’ ಎಂದರೆ ಲಾಕರಿನಿಂದ ತಂದ ದಿನವೇ ದುಡ್ಡಿನ ಮಾತು.

ಮೂರು ವರ್ಷದ್ದಾದ್ದರಿಂದ ನೋಂದಣಿ ಕಡ್ಡಾಯ. ಮಾಲೀಕರ ಜೊತೆ ಗಂಡ ಅಥವಾ ಹೆಂಡತಿ, ವಯಸ್ಸಿಗೆ ಬಂದ ಮಕ್ಕಳೂ ಸಹಿ ಹಾಕಲಿ. ಹಣ ವಾಪಸ್ ಬರುವವರೆಗೆ ಮನೆಯ ವಶ ನಿಮ್ಮಲ್ಲೇ ಇರುತ್ತದೆ, ಆ ಅವಧಿಗೆ ಬಾಡಿಗೆ ಇಲ್ಲ ಎಂಬ ಮಾತು ಕರಾರಿನಲ್ಲಿ ಇರಲೇಬೇಕು. ನೋಂದಣಿಗೆ ಒಪ್ಪದ ಮಾಲೀಕರ ಮನೆಯನ್ನು, ಎಷ್ಟೇ ಚಂದವಿರಲಿ, ಬಿಟ್ಟುಬಿಡಿ.

ಪ್ರಶ್ನೆ: ಬಾಡಿಗೆ ಮನೆಯವರಿಗೆ ಗೃಹಜ್ಯೋತಿಯ ಉಚಿತ ಕರೆಂಟು ಸಿಗುತ್ತದೆಯೇ?
– ಓದುಗರು, ಸೊರಬ

ಉತ್ತರ: ಸಿಗುತ್ತದೆ. ಮನೆಗೆ ಮೆಸ್ಕಾಂನ ಪ್ರತ್ಯೇಕ ಮೀಟರು ಇರಬೇಕು. ಮಾಲೀಕರ ಮೀಟರಿನಿಂದ ಎಳೆದು ನಡುವೆ ಸಬ್‌ಮೀಟರ್ ಕೂರಿಸಿದ್ದರೆ ನಿಮ್ಮ ಹೆಸರಿಗೆ ಸಿಗದು. ನಿಮ್ಮ ಆಧಾರ್ ಹಳೆಯ ಮನೆಯ ಸಂಪರ್ಕಕ್ಕೆ ಜೋಡಣೆಯಾಗಿದ್ದರೆ ಸೇವಾಸಿಂಧು ಜಾಲತಾಣದಲ್ಲಿ ಅದನ್ನು ಮೊದಲು ಬಿಡಿಸಿ, ಆಮೇಲೆ ಹೊಸ ಮನೆಗೆ ಜೋಡಿಸಿ. ಹೊಸ ಮನೆಗೆ ಹೋದಾಗ ಹಿಂದಿನ ಬಾಡಿಗೆದಾರರ ಜೋಡಣೆ ಉಳಿದಿದ್ದರೆ ನಿಮ್ಮ ಅರ್ಜಿ ಮುಂದೆ ಹೋಗದು. ಹಾಗಾಗಿ ಕೀ ಪಡೆಯುವ ದಿನವೇ ಮಾಲೀಕರಿಗೆ ಹೇಳಿ ತೆಗೆಸಿ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ದೊಡ್ಡ ಸಂಸಾರಕ್ಕೆ ಎಡವಟ್ಟಾಗುವುದು ಗೀಸರಿನಿಂದ. 15 ಲೀಟರಿನ ಗೀಸರ್ ಒಮ್ಮೆ ಕಾಯಲು ಅರ್ಧ ಯೂನಿಟಿನ ಮೇಲೆ ಎಳೆಯುತ್ತದೆ. ಆರು ಜನರ ಸ್ನಾನಕ್ಕೆ ದಿನಕ್ಕೆ ಮೂರೂವರೆ ಯೂನಿಟ್ ಹಿಡಿದರೂ ತಿಂಗಳಿಗೆ ನೂರು ದಾಟಿತು. ಸೋಲಾರ್ ಇದ್ದರೂ ಮೋಡದ ತಿಂಗಳುಗಳಲ್ಲಿ ನಂಬುವ ಹಾಗಿಲ್ಲ. ಹಿತ್ತಲಲ್ಲಿ ಹಂಡೆ ಒಲೆ ಇರುವ ಹಳೆಯ ಮನೆ ಸಿಕ್ಕರೆ ಅದೊಂದು ವರ.

ಪ್ರಶ್ನೆ: ಮಗಳಿಗೆ ಬೆಂಗಳೂರಲ್ಲಿ ಕೆಲಸ, ಮಗನಿಗೆ ಅಲ್ಲೇ ಕಾಲೇಜು. ನಾವಿಬ್ಬರೂ ಹೋಗಿ ಒಟ್ಟಿಗೆ ಇರೋಣ ಎಂದಿದ್ದೇವೆ. ಕಾರಿಲ್ಲ. ನಡೆದು ಎಲ್ಲ ಮುಗಿಯುವಂಥ ಜಾಗ ಬೇಕು. ಅಲ್ಲಿಯ ಬಾಡಿಗೆ ಕೇಳಿ ತಲೆ ತಿರುಗಿತು.
– ತೋಟದವರು, ಕೊಪ್ಪ

ಉತ್ತರ: ಕಾರಿಲ್ಲದ ಸಂಸಾರಕ್ಕೆ ಮಲ್ಲೇಶ್ವರ, ಬಸವನಗುಡಿ ಇಂದಿಗೂ ಒಳ್ಳೆಯ ಜಾಗ. ಒಂದೆಡೆ ಸಂಪಿಗೆ ರಸ್ತೆ ಮತ್ತು ಎಂಟನೇ ಅಡ್ಡರಸ್ತೆಯ ಪೇಟೆ, ಇನ್ನೊಂದೆಡೆ ಗಾಂಧಿ ಬಜಾರ್ ಮತ್ತು ಡಿ.ವಿ.ಜಿ. ರಸ್ತೆ. ಎರಡಕ್ಕೂ ಮೆಟ್ರೊದ ಹಸಿರು ಮಾರ್ಗ ಇದೆ. ಮಲ್ಲೇಶ್ವರದಿಂದ ಶಿವಮೊಗ್ಗದ ರೈಲು ಹಿಡಿಯಲು ಯಶವಂತಪುರ ಹತ್ತಿರ. ಮಗಳ ಕಚೇರಿ ಮೆಟ್ರೊ ನಿಲ್ದಾಣದ ಸಮೀಪವಿದ್ದರೆ, ಮನೆಯನ್ನು ನಿಲ್ದಾಣದಿಂದ ನಡೆದು ಹತ್ತು-ಹನ್ನೆರಡು ನಿಮಿಷದೊಳಗೆ ಹುಡುಕಿ. ಅದರಾಚೆ ಹೋದರೆ ದಿನಾ ಆಟೋ ಹಿಡಿಯುತ್ತಾರೆ, ಬಾಡಿಗೆಯಲ್ಲಿ ಉಳಿಸಿದ್ದು ಅಲ್ಲಿ ಹೋಗುತ್ತದೆ.

ಈ ಬಡಾವಣೆಗಳಲ್ಲಿ ಹೊಸ ಅಪಾರ್ಟ್‌ಮೆಂಟಿಗಿಂತ ಹಳೆಯ ಮನೆಗಳ ಮೇಲಿನ ಮಹಡಿ ಕಡಿಮೆ ಬಾಡಿಗೆಗೆ ಸಿಗುತ್ತದೆ. ಲಿಫ್ಟ್ ಇರದು, ಮೇಂಟೆನೆನ್ಸೂ ಇರದು. ಅಪಾರ್ಟ್‌ಮೆಂಟಾದರೆ ‘1,200 ಚದರ ಅಡಿ’ ಎಂಬ ಮಾತಿಗೆ ಬೆರಗಾಗಬೇಡಿ. ಮೆಟ್ಟಿಲು, ಲಿಫ್ಟು, ಹೊರಗಿನ ಓಣಿಯ ಪಾಲನ್ನೂ ಸೇರಿಸಿದ ಲೆಕ್ಕ ಅದು. ಗೋಡೆಯೊಳಗೆ ನಿಮಗೆ ಸಿಗುವುದು ಎಂಟೂವರೆ-ಒಂಬತ್ತು ಚದರ. ಊರಿನ ಮನೆಯ ಮಂಚ, ಬೀರು ತರುವ ಯೋಚನೆಯಿದ್ದರೆ ಸೀಮೆಸುಣ್ಣ ತೆಗೆದುಕೊಂಡು ಹೋಗಿ ಕೋಣೆಯ ನೆಲದ ಮೇಲೆ ಐದು ಅಡಿ, ಆರೂವರೆ ಅಡಿಯ ಮಂಚ ಬರೆಯಿರಿ. ಬೀರುವಿಗೆ ಮೂರಡಿ, ಅದರ ಬಾಗಿಲು ತೆರೆಯಲು ಒಂದೂವರೆ ಅಡಿ ಬಿಡಿ. ಹತ್ತು ಅಡಿ ಚೌಕದ ಕೋಣೆಯಲ್ಲಿ ಆಮೇಲೆ ಕಾಲಿಡಲು ಎಷ್ಟು ಉಳಿಯಿತು ಎಂದು ಅಲ್ಲೇ ಕಾಣುತ್ತದೆ. ಬೀಟೆಯ ಮಂಚ ತಿರುವು ಮೆಟ್ಟಿಲಿನಲ್ಲಿ ಹತ್ತುವುದಿಲ್ಲ, ಬಿಚ್ಚಲು ಬಾರದಿದ್ದರೆ ಊರಲ್ಲೇ ಇರಲಿ.

ನೀರಿನ ವಿಷಯದಲ್ಲಿ ಮಲೆನಾಡಿನವರು ಮೋಸಹೋಗುವುದು ಹೆಚ್ಚು, ಏಕೆಂದರೆ ನಮಗೆ ಕೇಳಿ ಅಭ್ಯಾಸವಿಲ್ಲ. ನಗರದ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್, ನಿಮ್ಮ ನಾಲ್ವರಿಗೆ 540. ಕಾವೇರಿ ಸಂಪರ್ಕ ಇದೆಯೇ, ವಾರಕ್ಕೆ ಎಷ್ಟು ದಿನ ಬರುತ್ತದೆ, ಸಂಪಿನ ಅಳತೆ ಎಷ್ಟು, ಎಷ್ಟು ಮನೆ ಹಂಚಿಕೊಳ್ಳುತ್ತವೆ ಎಂದು ಕೇಳಿ ಭಾಗಿಸಿ ನೋಡಿ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ನಂಬಿದ್ದ ಕಟ್ಟಡಗಳೇ ಟ್ಯಾಂಕರಿಗೆ ಕಾದವು. ಟ್ಯಾಂಕರ್ ತರಿಸಿದರೆ ಯಾರು ಕೊಡಬೇಕು ಎಂಬುದು ಕರಾರಿನಲ್ಲಿ ಬರಲಿ.

ಬ್ರೋಕರ್ ಅಲ್ಲಿ ಒಂದು ತಿಂಗಳ ಬಾಡಿಗೆ ಕೇಳುತ್ತಾರೆ, ಕರಾರಿಗೆ ಸಹಿಯಾದ ಮೇಲೆ ಕೊಡಿ. ಫೋಟೊ ನೋಡಿ ಟೋಕನ್ ಕಳಿಸಬೇಡಿ. ‘ನಾನು ಸೈನ್ಯದಲ್ಲಿದ್ದೇನೆ, ಮನೆ ತೋರಿಸಲು ಬರಲಾಗದು, ಕ್ಯೂಆರ್ ಕೋಡ್ ಕಳಿಸಿದ್ದೇನೆ’ ಎಂದು ಹೇಳಿ ಹಣ ದೋಚುವವರಿದ್ದಾರೆ. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಪಿನ್ ಕೇಳಿದರೆಂದರೆ ಹಣ ಹೋಗುತ್ತಿರುವುದು ನಿಮ್ಮ ಖಾತೆಯಿಂದ.

ಪ್ರಶ್ನೆ: ಮನೆ ಬಿಟ್ಟು ನಾಲ್ಕು ತಿಂಗಳಾಯಿತು. ಅಡ್ವಾನ್ಸ್ 80,000 ಇನ್ನೂ ಬಂದಿಲ್ಲ. ಕೇಳಿದಾಗಲೆಲ್ಲ ‘ಮುಂದಿನ ತಿಂಗಳು’ ಎನ್ನುತ್ತಾರೆ. ನಾನು ಒಬ್ಬಳೇ ಓಡಾಡಬೇಕು.
– ಓದುಗರು, ಶಿವಮೊಗ್ಗ

ಉತ್ತರ: ಫೋನು ಸಾಕು, ಇನ್ನು ಕಾಗದ. ಕರಾರಿನ ದಿನಾಂಕ, ಅಡ್ವಾನ್ಸ್ ಕೊಟ್ಟ ಬ್ಯಾಂಕ್ ವಿವರ, ಕೀ ಒಪ್ಪಿಸಿದ ದಿನ, ಬರಬೇಕಾದ ಮೊತ್ತ ಬರೆದು, 15 ದಿನದೊಳಗೆ ಕೊಡಬೇಕೆಂದು ಸ್ಪೀಡ್ ಪೋಸ್ಟ್‌ನಲ್ಲಿ ವಿತರಣೆಯ ಪುರಾವೆ ಸಿಗುವಂತೆ ಕಳಿಸಿ. ಪ್ರತಿ ಇಟ್ಟುಕೊಳ್ಳಿ. ‘ಮುಂದಿನ ತಿಂಗಳು ಕೊಡ್ತೇನೆ’ ಎಂಬ ವಾಟ್ಸ್‌ಆ್ಯಪ್ ಸಂದೇಶಗಳಿದ್ದರೆ ಅಳಿಸಬೇಡಿ, ಬಾಕಿ ಇದೆಯೆಂದು ಅವರೇ ಒಪ್ಪಿದ ದಾಖಲೆ ಅವು.

ಉತ್ತರ ಬರದಿದ್ದರೆ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಅಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ. ಕೇಸು ಹಾಕುವ ಮೊದಲೇ ಇಬ್ಬರನ್ನೂ ಕರೆಸಿ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಸುವ ವ್ಯವಸ್ಥೆಯಿದೆ. ಅಲ್ಲಿ ಬರೆದ ರಾಜಿಗೆ ನ್ಯಾಯಾಲಯದ ಡಿಕ್ರಿಯಷ್ಟೇ ಬಲ. ಅಲ್ಲೂ ಆಗದಿದ್ದರೆ ಸಿವಿಲ್ ದಾವೆ, ಅದಕ್ಕೆ ಮೂರು ವರ್ಷದ ಕಾಲಮಿತಿ. ಕೀ ಕೊಟ್ಟ ದಿನ ಮಾಲೀಕರಿಂದ ಏನನ್ನೂ ಬರೆಸಿಕೊಂಡಿರದಿದ್ದರೆ ಮನೆ ಖಾಲಿ ಮಾಡಿದ ದಿನದ ಲಾರಿ ಬಾಡಿಗೆ ರಸೀದಿ, ಕೊನೆಯ ಕರೆಂಟ್ ಬಿಲ್ಲು, ಖಾಲಿ ಕೋಣೆಗಳ ಫೋಟೊ ಹುಡುಕಿ ತೆಗೆದು ಒಂದು ಕಡೆ ಸೇರಿಸಿ. ಅವುಗಳ ಪ್ರತಿಯನ್ನು ಅರ್ಜಿಯ ಜೊತೆ ಲಗತ್ತಿಸಿ.